ಡ್ರೋನ್ ನಕ್ಷೆಯ ಕೆಲಸಕ್ಕೆ ಡೆಸ್ಕ್‌ಟಾಪ್ ಪ್ರೊಸೆಸರ್ ಸಾಕೇ, ವರ್ಕ್‌ಸ್ಟೇಷನ್ ಪ್ರೊಸೆಸರ್ ಬೇಕೇ?

ಪ್ರಶ್ನೆ: ತೋಟದ ನಕ್ಷೆ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ನಾವಿಬ್ಬರು ಸೇರಿ ಡ್ರೋನ್ ಸರ್ವೆಯ ಸಣ್ಣ ಕಚೇರಿಯೊಂದನ್ನು ನಡೆಸುತ್ತಿದ್ದೇವೆ. ಅಡಿಕೆ ತೋಟಗಳ ಗಡಿ ಮತ್ತು ಏರಿಳಿತದ ನಕ್ಷೆ, ಕೆಂಪುಕಲ್ಲಿನ ಕೋರೆಗಳಿಂದ ತೆಗೆದಿರುವ ಕಲ್ಲಿನ ಪ್ರಮಾಣದ ಲೆಕ್ಕ, ತೋಡುಗಳ ಉದ್ದಕ್ಕೂ ಕಟ್ಟ (ನೀರು ತಡೆಯುವ ಒಡ್ಡು) ಕಟ್ಟಲು ತಕ್ಕ ಜಾಗಗಳ ಗುರುತು, ಇವು ನಮ್ಮ ಮುಖ್ಯ ಕೆಲಸಗಳು. ಚಿತ್ರಗಳನ್ನು ಜೋಡಿಸಿ ನಕ್ಷೆ ಮಾಡಲು ಓಪನ್‌ಡ್ರೋನ್‌ಮ್ಯಾಪ್ ತಂತ್ರಾಂಶವನ್ನು ಬಳಸುತ್ತೇವೆ.

ಈಗ ಇರುವ ಕಂಪ್ಯೂಟರಿನಲ್ಲಿ 8 ಕೋರ್‌ಗಳ (ಏಕಕಾಲದಲ್ಲಿ ಬೇರೆಬೇರೆ ಗಣನೆ ಮಾಡಬಲ್ಲ ಘಟಕಗಳ) ಪ್ರೊಸೆಸರ್ ಮತ್ತು 32 ಜಿಬಿ ರ‍್ಯಾಮ್ ಇವೆ. ಐನೂರರಷ್ಟು ಚಿತ್ರಗಳಿರುವ ತೋಟದ ಕೆಲಸ ಇದರಲ್ಲಿ ಹೇಗೋ ಮುಗಿಯುತ್ತದೆ. ಆದರೆ ಈಚೆಗೆ ಇಡೀ ಬಯಲನ್ನೋ ಒಂದು ತೋಡಿನ ಸಂಪೂರ್ಣ ಜಲಾನಯನವನ್ನೋ ಒಟ್ಟಿಗೆ ನಕ್ಷೆ ಮಾಡಿಕೊಡಬೇಕೆಂಬ ಬೇಡಿಕೆ ಬರುತ್ತಿದ್ದು, ಅಂತಹ ಕೆಲಸಗಳಲ್ಲಿ ಚಿತ್ರಗಳ ಸಂಖ್ಯೆ 2500ರಿಂದ 3000ದವರೆಗೆ ಹೋಗುತ್ತದೆ. ಅಡಿಕೆ ಮರದ ತಲೆಗಳು ಒಂದರಂತೆಯೇ ಇನ್ನೊಂದು ಕಾಣುವುದರಿಂದಲೂ ಗಾಳಿಗೆ ಸದಾ ಅಲುಗಾಡುವುದರಿಂದಲೂ ಒಂದು ಚಿತ್ರ ಮತ್ತೊಂದರ ಮೇಲೆ ಶೇಕಡಾ 80ರಷ್ಟಾದರೂ ಹಾಯುವಂತೆ ತೆಗೆಯಬೇಕಾಗುತ್ತದೆ. ಹಾಗಾಗಿ ಚಿತ್ರಗಳನ್ನು ಕಡಿಮೆ ಮಾಡುವ ದಾರಿ ನಮಗಿಲ್ಲ. ಅಷ್ಟು ಚಿತ್ರಗಳನ್ನು ಕೊಟ್ಟರೆ ಯಂತ್ರವು ಅರ್ಧದಲ್ಲಿಯೇ ಕೈಚೆಲ್ಲುತ್ತದೆ.

ಮಂಗಳೂರಿನಿಂದ ಎರಡು ಕೊಟೇಶನ್ ತರಿಸಿದ್ದೇವೆ. ಎರಡೂ ಎಎಂಡಿ ಕಂಪನಿಯವು: ಒಂದು 16 ಕೋರ್‌ಗಳ ಡೆಸ್ಕ್‌ಟಾಪ್ ಪ್ರೊಸೆಸರ್ ರೈಝನ್ 9 9950ಎಕ್ಸ್, ಇನ್ನೊಂದು 24 ಕೋರ್‌ಗಳ ವರ್ಕ್‌ಸ್ಟೇಷನ್ ಪ್ರೊಸೆಸರ್ ಥ್ರೆಡ್‌ರಿಪ್ಪರ್ 7960ಎಕ್ಸ್. ಮದರ್‌ಬೋರ್ಡ್ ಮತ್ತು ರ‍್ಯಾಮ್ ಸೇರಿದಾಗ ಎರಡನೆಯದು ಮೊದಲನೆಯದರ ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಈ ಹೆಚ್ಚಿನ ಹಣಕ್ಕೆ ನಮ್ಮಂಥವರಿಗೆ ನಿಜವಾಗಿ ಸಿಗುವುದೇನು? ಕೋರೆಯ ಅಳತೆಯ ವರದಿಗಳು ಸರಕಾರಿ ಇಲಾಖೆಗೂ ಸಲ್ಲಿಕೆಯಾಗುವುದರಿಂದ ಇಸಿಸಿ (ದತ್ತಾಂಶದಲ್ಲಾಗುವ ದೋಷವನ್ನು ಪತ್ತೆಹಚ್ಚಿ ಸರಿಪಡಿಸುವ) ರ‍್ಯಾಮ್ ಕಡ್ಡಾಯವೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ವಿನಂತಿ.

ಉತ್ತರ: ಕುಂಬಳೆ ಯಂತ್ರಶಾಲೆ

ನಮಸ್ಕಾರ. ಈ ಎರಡು ಪ್ರೊಸೆಸರ್‌ಗಳನ್ನು ಹೋಲಿಸುವಾಗ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಕೋರ್‌ಗಳ ಸಂಖ್ಯೆಯನ್ನು ಸ್ವಲ್ಪ ಹೊತ್ತು ಬದಿಗಿಡಬೇಕೆಂದು ನನ್ನ ಕೋರಿಕೆ. ವರ್ಕ್‌ಸ್ಟೇಷನ್ ಪ್ರೊಸೆಸರಿಗೆ ಜನ ಹೆಚ್ಚು ಬೆಲೆ ಕೊಡುವುದು ವೇಗಕ್ಕಾಗಿ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಆ ಬೆಲೆಯ ಬಹುಪಾಲು ಹೋಗುವುದು ಪ್ರೊಸೆಸರಿನ ಸುತ್ತಲಿನ ದಾರಿಗಳಿಗೆ, ಅಂದರೆ ರ‍್ಯಾಮ್ ಚಾನೆಲ್‌ಗಳು (ಪ್ರೊಸೆಸರ್ ಮತ್ತು ರ‍್ಯಾಮ್ ನಡುವಿನ ದಾರಿಗಳು) ಮತ್ತು ಪಿಸಿಐಇ ಲೇನ್‌ಗಳಿಗೆ (ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಗಳಿಗೆ ಹೋಗುವ ದಾರಿಗಳು).

2024ರ ಆಗಸ್ಟ್‌ನಲ್ಲಿ ಬಿಡುಗಡೆಯಾದ 9950ಎಕ್ಸ್‌ಗೆ ಇರುವುದು ಎರಡು ರ‍್ಯಾಮ್ ಚಾನೆಲ್. ಡಿಡಿಆರ್5-5600 (ಕೊನೆಯ ಸಂಖ್ಯೆ ವೇಗವನ್ನು ಸೂಚಿಸುತ್ತದೆ) ರ‍್ಯಾಮಿನ ಎರಡು ಸ್ಟಿಕ್‌ಗಳನ್ನು ಹಾಕಿದಾಗ ಸೆಕೆಂಡಿಗೆ ಗರಿಷ್ಠ 89.6 ಜಿಬಿಯಷ್ಟು ದತ್ತಾಂಶ ಆಚೀಚೆ ಹೋಗಬಲ್ಲದು. ಇನ್ನೂ ಹೆಚ್ಚು ರ‍್ಯಾಮ್ ಬೇಕೆಂದು ನಾಲ್ಕು ಸ್ಲಾಟ್‌ಗಳನ್ನೂ ತುಂಬಿದರೆ ಕಂಪನಿಯೇ ಖಾತರಿ ಕೊಡುವ ವೇಗ ಡಿಡಿಆರ್5-3600ಕ್ಕೆ ಇಳಿಯುತ್ತದೆ, ಅಂದರೆ ಸೆಕೆಂಡಿಗೆ 57.6 ಜಿಬಿ ಮಾತ್ರ. ಇದು ಕೊಟೇಶನ್ ಹಾಳೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ರ‍್ಯಾಮ್ ದುಪ್ಪಟ್ಟಾಯಿತೆಂದು ಕೊಂಡವರು ಸಂತೋಷಪಡುತ್ತಿರುವಾಗಲೇ ದಾರಿ ಮೂರನೆಯ ಒಂದು ಭಾಗದಷ್ಟು ಕಿರಿದಾಗಿರುತ್ತದೆ.

2023ರ ನವೆಂಬರ್‌ನಲ್ಲಿ ಬಂದ 7960ಎಕ್ಸ್‌ಗೆ ನಾಲ್ಕು ಚಾನೆಲ್‌ಗಳಿವೆ. ಡಿಡಿಆರ್5-5200ರಲ್ಲಿ ಸೆಕೆಂಡಿಗೆ 166.4 ಜಿಬಿ. ಇದು ರಿಜಿಸ್ಟರ್ಡ್ (ಸಂಕೇತಗಳನ್ನು ನಡುವೆ ಹಿಡಿದು ದಾಟಿಸುವ ಚಿಪ್ ಇರುವ, ಸರ್ವರ್ ಬಗೆಯ) ರ‍್ಯಾಮನ್ನು ಮಾತ್ರ ಸ್ವೀಕರಿಸುವುದರಿಂದ ದೊಡ್ಡ ಸ್ಟಿಕ್‌ಗಳನ್ನು ಹಾಕಿ 1 ಟಿಬಿಯವರೆಗೂ ಹೋಗಬಹುದು. ಆದರೆ ನಿಮ್ಮ ಕೈಯಲ್ಲಿರುವ ಸಾಮಾನ್ಯ ರ‍್ಯಾಮ್ ಯಾವುದೂ ಇದರಲ್ಲಿ ಕೂರುವುದಿಲ್ಲ. ಇದೇ ಪ್ರೊಸೆಸರಿನ ಅಣ್ಣನಾದ ಥ್ರೆಡ್‌ರಿಪ್ಪರ್ ಪ್ರೊ 7995ಡಬ್ಲ್ಯುಎಕ್ಸ್‌ಗೆ 96 ಕೋರ್, ಎಂಟು ಚಾನೆಲ್ ಮತ್ತು 128 ಪಿಸಿಐಇ 5.0 ಲೇನ್‌ಗಳಿವೆ. ಇಂಟೆಲ್ ಕಡೆಗೆ ನೋಡಿದರೆ 2023ರ ಫೆಬ್ರವರಿಯಲ್ಲಿ ಬಂದ ಝಿಯಾನ್ ಡಬ್ಲ್ಯು-2400 ಸಾಲಿಗೆ ನಾಲ್ಕು ಚಾನೆಲ್, 64 ಲೇನ್. ಡಬ್ಲ್ಯು-3400 ಸಾಲಿಗೆ ಎಂಟು ಚಾನೆಲ್, 112 ಲೇನ್. ಎರಡೂ ಕಂಪನಿಗಳು ಡೆಸ್ಕ್‌ಟಾಪ್ ಮತ್ತು ವರ್ಕ್‌ಸ್ಟೇಷನ್ ನಡುವಿನ ಗೆರೆಯನ್ನು ಎಳೆದಿರುವುದು ಈ ಒಂದೇ ಜಾಗದಲ್ಲಿ ಎಂಬುದನ್ನು ಗಮನಿಸಿ.

ಅಂಗಳದಲ್ಲಿ ಅಡಿಕೆ ಸುಲಿಯಲು ಇಪ್ಪತ್ತನಾಲ್ಕು ಮಂದಿ ಕುಳಿತಿದ್ದರೂ ಅಟ್ಟದಿಂದ ಗೋಣಿ ಹೊತ್ತು ತರುವವರು ಇಬ್ಬರೇ ಆದರೆ ಸುಲಿಯುವವರ ಕೈ ಬಿಡುವಾಗಿಯೇ ಇರುತ್ತದೆ. ಆದರೆ ನಿಮ್ಮ ಕೆಲಸದಲ್ಲಿ ಕಾಯುತ್ತಿರುವುದು ಸುಲಿಯುವವರೋ ಹೊರುವವರೋ ಎಂಬುದನ್ನು ನಾನು ಇಲ್ಲಿ ಕುಳಿತು ಹೇಳಲಾರೆ. ದಯವಿಟ್ಟು ಒಂದು ಕೆಲಸ ನಡೆಯುವಾಗ ಆರಂಭದಿಂದ ಕೊನೆಯವರೆಗೆ ಎಷ್ಟು ಕೋರ್‌ಗಳು ದುಡಿಯುತ್ತಿವೆ, ಎಷ್ಟು ರ‍್ಯಾಮ್ ತುಂಬಿದೆ ಎಂಬುದನ್ನು ಬರೆದಿಟ್ಟುಕೊಂಡು ಇಲ್ಲಿ ತಿಳಿಸಿ.

ಲೇನ್‌ಗಳ ವಿಷಯ ಬೇಗ ಮುಗಿಯುತ್ತದೆ. ಒಂದು ಗ್ರಾಫಿಕ್ಸ್ ಕಾರ್ಡ್ ಮತ್ತು ಎರಡು ಎನ್‌ವಿಎಂಇ ಎಸ್‌ಎಸ್‌ಡಿಗಳಿಗೆ (ವೇಗದ ಸಂಗ್ರಹ ಡ್ರೈವ್‌ಗಳಿಗೆ) 9950ಎಕ್ಸ್‌ನ 24 ಲೇನ್‌ಗಳು ಸರಿಯಾಗಿ ಸಾಲುತ್ತವೆ. ಎರಡು ಗ್ರಾಫಿಕ್ಸ್ ಕಾರ್ಡ್‌ಗಳ ಯೋಚನೆ ಇಲ್ಲದಿದ್ದರೆ ಇದಕ್ಕಾಗಿ ಥ್ರೆಡ್‌ರಿಪ್ಪರ್ ಬೇಕಿಲ್ಲ.

ಉತ್ತರ: ಪೆರ್ಲದಿಂದ

ಇಷ್ಟು ಖರ್ಚು ಏಕೆ ಎಂಬುದು ನನ್ನ ಪ್ರಶ್ನೆ. ಬೆಂಗಳೂರಿನಲ್ಲಿ ಕಂಪನಿಗಳು ಬಿಟ್ಟ ಹಳೆಯ ವರ್ಕ್‌ಸ್ಟೇಷನ್‌ಗಳು ಸಿಗುತ್ತವೆ. ಎರಡು ಝಿಯಾನ್ ಇ5-2680 ವಿ4 ಇರುವ ಯಂತ್ರವೆಂದರೆ ಒಟ್ಟು 28 ಕೋರ್‌ಗಳು, ಅದಕ್ಕೆ 256 ಜಿಬಿಯಷ್ಟು ಹಳೆಯ ಡಿಡಿಆರ್4 ಇಸಿಸಿ ರ‍್ಯಾಮ್ ಹಾಕಿಸಿದರೂ ಹೊಸ ಥ್ರೆಡ್‌ರಿಪ್ಪರ್ ಪ್ರೊಸೆಸರ್ ಒಂದರ ಬೆಲೆಯನ್ನೂ ಮುಟ್ಟುವುದಿಲ್ಲ. ರ‍್ಯಾಮ್ ಸಾಲದೆ ನಿಲ್ಲುವುದೇ ನಿಮ್ಮ ತೊಂದರೆಯಾದರೆ ಇದಕ್ಕಿಂತ ನೇರವಾದ ಪರಿಹಾರ ನನಗೆ ಕಾಣುವುದಿಲ್ಲ.

ಉತ್ತರ: ಪೆರಿಯದ ಸಂಶೋಧಕ

ಪೆರ್ಲದವರ ಸಲಹೆಯಲ್ಲಿ ತಿರುಳಿದೆ. ಆದರೆ ಅದು ಅರ್ಧ ಉತ್ತರ. ಇ5-2680 ವಿ4 ಬಂದದ್ದು 2016ರಲ್ಲಿ. ಅದರ ಒಂದು ಕೋರ್ ಗರಿಷ್ಠ 3.3 ಗಿಗಾಹರ್ಟ್ಸ್‌ಗೆ ಏರಬಲ್ಲದು, 9950ಎಕ್ಸ್‌ನ ಒಂದು ಕೋರ್ 5.7ಕ್ಕೆ ಏರುತ್ತದೆ, ಮತ್ತು ಪ್ರತಿಯೊಂದು ಗಿಗಾಹರ್ಟ್ಸ್‌ನಲ್ಲಿ ಆಗುವ ಕೆಲಸವೂ ಈ ಅವಧಿಯಲ್ಲಿ ಬಹಳ ಹೆಚ್ಚಿದೆ. ಇದಲ್ಲದೆ ಎರಡು ಪ್ರೊಸೆಸರ್‌ಗಳಿರುವ ಯಂತ್ರದಲ್ಲಿ ಪ್ರತಿಯೊಂದಕ್ಕೂ ಅದರದೇ ಆದ ರ‍್ಯಾಮ್ ಇರುತ್ತದೆ. ಒಂದು ಪ್ರೊಸೆಸರಿಗೆ ಮತ್ತೊಂದರ ಬಳಿಯ ರ‍್ಯಾಮಿನಲ್ಲಿರುವ ದತ್ತಾಂಶ ಬೇಕಾದಾಗ ಅದು ನಡುವಿನ ಕೊಂಡಿಯನ್ನು ದಾಟಿ ಬರಬೇಕು. ಇದನ್ನು ಗಮನದಲ್ಲಿಟ್ಟು ಬರೆಯದ ತಂತ್ರಾಂಶಗಳು ಅಲ್ಲಿ ನಿಧಾನವಾಗುತ್ತವೆ. ರಾತ್ರಿ ಹಚ್ಚಿ ಬೆಳಗ್ಗೆ ನೋಡುವ ಎರಡನೆಯ ಯಂತ್ರವಾಗಿ ಅದು ಒಳ್ಳೆಯದೇ, ದಿನನಿತ್ಯ ಎದುರಿಗೆ ಕುಳಿತು ಕೆಲಸ ಮಾಡುವ ಯಂತ್ರವಾಗಿ ಅಲ್ಲ.

ಇನ್ನು ಇಸಿಸಿಯ ಬಗ್ಗೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದರ ಬಗ್ಗೆ ಅತಿಯಾದ ಭಯವೂ ಇದೆ, ಅತಿಯಾದ ಅಸಡ್ಡೆಯೂ ಇದೆ. ರ‍್ಯಾಮಿನ ಒಂದು ಬಿಟ್ (0 ಅಥವಾ 1) ತಾನಾಗಿಯೇ ತಿರುವುಮುರುವಾಗುವುದುಂಟು; ಅಂತರಿಕ್ಷದಿಂದ ಬರುವ ಕಣಗಳೂ ಚಿಪ್ಪಿನ ದೌರ್ಬಲ್ಯವೂ ಅದಕ್ಕೆ ಕಾರಣವಾಗಬಹುದು. ಹಾಗೆ ತಿರುಗಿದ ಒಂದು ಬಿಟ್ಟನ್ನು ಪತ್ತೆಹಚ್ಚಿ ಸರಿಪಡಿಸುವ ಸಂಕೇತ ವಿಧಾನವನ್ನು ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿಯೇ ಪ್ರಕಟಿಸಿದ್ದರು. ಗೂಗಲ್‌ನ ಸರ್ವರ್‌ಗಳನ್ನು ದೀರ್ಘಕಾಲ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಯಂತ್ರಗಳು ವರ್ಷಕ್ಕೆ ಒಮ್ಮೆಯಾದರೂ ಇಂತಹ ದೋಷವನ್ನು ಕಂಡಿದ್ದವು. ಆದ್ದರಿಂದ ಇದು ಕಟ್ಟುಕತೆಯಲ್ಲ.

ಆದರೆ ನಿಮ್ಮ ಕೆಲಸದಲ್ಲಿ ಇದರ ಪರಿಣಾಮವೇನು? ಚಿತ್ರದ ಒಂದು ಚುಕ್ಕಿಯ ಬಣ್ಣ ಬದಲಾದರೆ ಅದು ನಕ್ಷೆಯಲ್ಲಿ ಕಾಣುವುದೇ ಇಲ್ಲ. ತಂತ್ರಾಂಶದ ಒಳಗಿನ ವಿಳಾಸವೊಂದು ಕೆಟ್ಟರೆ ಬಹುಗಂಟೆಗಳ ಗಣನೆ ನಡುವಿನಲ್ಲಿ ಸಾಯುತ್ತದೆ. ಕೋರೆಯ ಪ್ರಮಾಣದ ಲೆಕ್ಕ ಸರಿಯಿದೆಯೇ ಎಂಬುದನ್ನು ಕಾಯುವುದು ಇಸಿಸಿ ಅಲ್ಲ, ನೆಲದಲ್ಲಿ ನೀವು ಗುರುತಿಟ್ಟು ಸ್ಥಾನವನ್ನು ಅಳೆದ ನಿಯಂತ್ರಣ ಬಿಂದುಗಳು ಮತ್ತು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗಾಗಿಯೇ ಉಳಿಸಿಕೊಂಡ ಬಿಂದುಗಳು. ವರದಿಯ ವಿಶ್ವಾಸಾರ್ಹತೆಗೆ ಹಣ ಹಾಕುವುದಿದ್ದರೆ ಮೊದಲು ಅಲ್ಲಿಗೆ ಹಾಕಿ. ದೀರ್ಘ ಗಣನೆ ನಿರ್ವಿಘ್ನವಾಗಿ ಮುಗಿಯಲಿ ಎಂಬ ಕಾರಣಕ್ಕೆ ಇಸಿಸಿ ಇದ್ದರೆ ಒಳ್ಳೆಯದು, ಮತ್ತು ಅದಕ್ಕಾಗಿ ವರ್ಕ್‌ಸ್ಟೇಷನ್ ಪ್ರೊಸೆಸರ್ ಕೊಳ್ಳಬೇಕಾಗಿಲ್ಲ: ಮದರ್‌ಬೋರ್ಡ್ ಬೆಂಬಲಿಸಿದರೆ 9950ಎಕ್ಸ್ ಕೂಡ ಇಸಿಸಿ ರ‍್ಯಾಮನ್ನು ನಡೆಸುತ್ತದೆ. ಡಿಡಿಆರ್5ರಲ್ಲಿ ಇಸಿಸಿ ತಾನಾಗಿಯೇ ಇದೆ ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಅದು ಚಿಪ್ಪಿನ ಒಳಗಿನ ದೋಷವನ್ನಷ್ಟೇ ಸರಿಪಡಿಸುತ್ತದೆ, ಚಿಪ್ಪಿನಿಂದ ಪ್ರೊಸೆಸರಿಗೆ ಬರುವ ದಾರಿಯನ್ನು ಕಾಯುವುದಿಲ್ಲ.

ಪ್ರಶ್ನೆ ಕೇಳಿದವರು: ತೋಟದ ನಕ್ಷೆ, ಬದಿಯಡ್ಕ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕುಂಬಳೆಯವರು ಹೇಳಿದಂತೆ ಒಂದು ತೋಟದ ಕೆಲಸವನ್ನು ಹಚ್ಚಿ ಗಮನಿಸಿದೆವು. ಚಿತ್ರಗಳಲ್ಲಿನ ಗುರುತುಗಳನ್ನು ಹುಡುಕುವ ಮೊದಲ ಹಂತದಲ್ಲಿ ಎಂಟೂ ಕೋರ್‌ಗಳು ಪೂರ್ತಿಯಾಗಿ ದುಡಿದವು, ರ‍್ಯಾಮ್ ಹೆಚ್ಚು ತುಂಬಲಿಲ್ಲ. ಬಳಿಕ ಚಿತ್ರಗಳನ್ನು ಒಂದೊಂದಾಗಿ ಸೇರಿಸುತ್ತಾ ಕ್ಯಾಮೆರಾದ ಸ್ಥಾನಗಳನ್ನು ಕಟ್ಟುವ ಹಂತದಲ್ಲಿ ಬಹಳ ಹೊತ್ತು ಒಂದೆರಡು ಕೋರ್‌ಗಳು ಮಾತ್ರ ಓಡುತ್ತಿದ್ದು ಉಳಿದವು ಸುಮ್ಮನಿದ್ದವು. ನೆಲದ ಆಕಾರವನ್ನು ತೋರಿಸುವ ದಟ್ಟ ಬಿಂದುಗಳನ್ನು ಮಾಡುವ ಹಂತಕ್ಕೆ ಬಂದಾಗ ಮತ್ತೆ ಎಲ್ಲ ಕೋರ್‌ಗಳೂ ಎದ್ದವು. ರ‍್ಯಾಮ್ ಸಂಪೂರ್ಣ ತುಂಬಿ ಎಸ್‌ಎಸ್‌ಡಿಯಲ್ಲಿ ರ‍್ಯಾಮಿಗೆ ಪೂರಕವಾಗಿ ಮೀಸಲಿಟ್ಟ ಸ್ವಾಪ್ ಜಾಗಕ್ಕೆ ಹರಿಯತೊಡಗಿತು. ದೊಡ್ಡ ಕೆಲಸಗಳು ಸಾಯುವುದೂ ಈ ಹಂತದಲ್ಲಿಯೇ.

ಉತ್ತರ: ಕುಂಬಳೆ ಯಂತ್ರಶಾಲೆ

ಇದು ಬಹಳ ಉಪಯುಕ್ತವಾದ ಮಾಹಿತಿ. ನಿಮ್ಮ ಟಿಪ್ಪಣಿಯ ಪ್ರಕಾರ ಕೆಲಸದ ನಡುವಿನ ಉದ್ದವಾದ ಹಂತವು ಒಂದು ಕೋರಿನ ವೇಗವನ್ನೇ ನೆಚ್ಚಿಕೊಂಡಿದೆ. ಆ ಹಂತದಲ್ಲಿ ಅಗ್ಗದ 9950ಎಕ್ಸ್ ದುಬಾರಿ 7960ಎಕ್ಸ್‌ಗಿಂತ ಮುಂದಿರುತ್ತದೆ. ಮೊದಲನೆಯದು ಝೆನ್ 5 ವಿನ್ಯಾಸದ್ದು, 5.7 ಗಿಗಾಹರ್ಟ್ಸ್‌ಗೆ ಏರುವಂಥದು. ಎರಡನೆಯದು ಅದರ ಹಿಂದಿನ ಪೀಳಿಗೆಯ ಝೆನ್ 4 ವಿನ್ಯಾಸದ್ದು, 5.3ಕ್ಕೆ ನಿಲ್ಲುವಂಥದು. 2025ರಲ್ಲಿ ಬಂದ ಥ್ರೆಡ್‌ರಿಪ್ಪರ್ 9960ಎಕ್ಸ್‌ನಲ್ಲಿ ಝೆನ್ 5 ಇದ್ದರೂ ಅದರ ಗರಿಷ್ಠ ವೇಗ 5.4 ಮಾತ್ರ.

ಕೊನೆಯ ಹಂತದಲ್ಲಿ ನಿಮಗೆ ಬೇಕಾಗಿರುವುದು ರ‍್ಯಾಮಿನ ಪ್ರಮಾಣ. ಓಪನ್‌ಡ್ರೋನ್‌ಮ್ಯಾಪ್‌ನ ಕೈಪಿಡಿಯು 500 ಚಿತ್ರಗಳಿಗೆ 32 ಜಿಬಿ, 1500ಕ್ಕೆ 64 ಜಿಬಿ, 2500ಕ್ಕೆ 128 ಜಿಬಿ, 3500ಕ್ಕೆ 192 ಜಿಬಿ ಎಂದು ಸೂಚಿಸುತ್ತದೆ. ನಿಮ್ಮ ಯಂತ್ರ ಐನೂರರಲ್ಲಿ ಏದುಸಿರು ಬಿಡುವುದು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಇದರಲ್ಲಿ ಸ್ವಾಪ್ ಅನ್ನೂ ಸೇರಿಸಿ ಎಣಿಸಬಹುದು ಎಂದು ಅವರೇ ಹೇಳಿದ್ದಾರೆ. ಆದರೆ ಒಳ್ಳೆಯ ಪಿಸಿಐಇ 4.0 ಎನ್‌ವಿಎಂಇ ಎಸ್‌ಎಸ್‌ಡಿಯೂ ಸೆಕೆಂಡಿಗೆ 7 ಜಿಬಿಯ ಸುಮಾರಿಗೆ ಓದುವಂಥದಾದ್ದರಿಂದ ಸ್ವಾಪ್ ಅನ್ನು ಕೆಲಸ ಸಾಯದಂತೆ ಹಿಡಿದುಕೊಳ್ಳುವ ಆಸರೆಯಾಗಿ ಇಟ್ಟುಕೊಳ್ಳಬೇಕೇ ಹೊರತು ರ‍್ಯಾಮಿನ ಬದಲಿಯಾಗಿ ಅಲ್ಲ.

ಉತ್ತರ: ಮಂಜೇಶ್ವರದ ಗಣಿತ ಮಾಷ್ಟ್ರು

ಕಂಪ್ಯೂಟರ್ ಕೊಳ್ಳುವ ವಿಷಯದಲ್ಲಿ ನಾನು ಪರಿಣತನಲ್ಲ, ಆದರೆ ಈ ಪ್ರಶ್ನೆಯ ಒಳಗೆ ಒಂದು ಸುಂದರವಾದ ಲೆಕ್ಕವಿದೆ, ಅದನ್ನು ಮುಂದಿಡದೆ ಇರಲಾರೆ. 1967ರಲ್ಲಿ ಜೀನ್ ಆಮ್ಡಾಲ್ ಮಂಡಿಸಿದ ವಾದವಿದು: ಒಂದು ಕೆಲಸದ ಎಷ್ಟು ಭಾಗವನ್ನು ಹಂಚಿಕೊಂಡು ಮಾಡಲು ಸಾಧ್ಯವಿಲ್ಲವೋ, ಆ ಭಾಗವೇ ಕೊನೆಗೆ ಇಡೀ ಕೆಲಸದ ವೇಗವನ್ನು ನಿರ್ಧರಿಸುತ್ತದೆ. ಕೆಲಸದ ಶೇಕಡಾ 90 ಭಾಗವನ್ನು ಹಂಚಬಹುದು, ಶೇಕಡಾ 10ನ್ನು ಹಂಚಲಾಗದು ಎಂದಿಟ್ಟುಕೊಳ್ಳಿ. 16 ಕೋರ್‌ಗಳಿದ್ದರೆ ಒಂದು ಕೋರ್‌ಗೆ ಹೋಲಿಸಿದಾಗ 6.4 ಪಟ್ಟು ವೇಗ ದೊರೆಯುತ್ತದೆ. 24 ಕೋರ್‌ಗಳಿದ್ದರೆ ಸುಮಾರು 7.3 ಪಟ್ಟು. 64 ಕೋರ್‌ಗಳನ್ನು ಕೊಟ್ಟರೂ 8.8ರ ಹತ್ತಿರ. ಕೋರ್‌ಗಳನ್ನು ಅನಂತವಾಗಿಸಿದರೂ 10ನ್ನು ದಾಟುವುದಿಲ್ಲ.

ಹದಿನಾರರಿಂದ ಇಪ್ಪತ್ತನಾಲ್ಕಕ್ಕೆ ಹೋದಾಗ ಕೋರ್‌ಗಳು ಅರ್ಧದಷ್ಟು ಹೆಚ್ಚಾದವು, ವೇಗ ಶೇಕಡಾ 14ರಷ್ಟು ಮಾತ್ರ ಹೆಚ್ಚಿತು. ಅದೂ ಎರಡರಲ್ಲಿಯೂ ಪ್ರತಿಯೊಂದು ಕೋರ್ ಸಮಾನ ವೇಗದ್ದು ಎಂದು ಒಪ್ಪಿಕೊಂಡಾಗ. ಬದಿಯಡ್ಕದವರು ಗಮನಿಸಿದ ನಡುವಿನ ಹಂತ ಶೇಕಡಾ 10ಕ್ಕಿಂತ ದೊಡ್ಡದಾಗಿದ್ದರೆ ಈ ಲಾಭ ಇನ್ನೂ ಕುಗ್ಗುತ್ತದೆ. ಕೆಲಸವನ್ನೇ ಒಡೆದು ಸಣ್ಣದಾಗಿಸಲು ಸಾಧ್ಯವೇ ಎಂಬುದು ನನಗೆ ತೋಚುವ ಪ್ರಶ್ನೆ.

ಉತ್ತರ: ಪೆರಿಯದ ಸಂಶೋಧಕ

ಸಾಧ್ಯವಿದೆ ಮಾಷ್ಟ್ರೇ. ಓಪನ್‌ಡ್ರೋನ್‌ಮ್ಯಾಪ್‌ನಲ್ಲಿ ದೊಡ್ಡ ಪ್ರದೇಶವನ್ನು ತುಂಡುಗಳಾಗಿ ಒಡೆದು, ಪ್ರತಿಯೊಂದನ್ನೂ ಬೇರೆಯಾಗಿ ಗಣಿಸಿ, ಕೊನೆಯಲ್ಲಿ ಜೋಡಿಸುವ ಸ್ಪ್ಲಿಟ್ ಎಂಬ ಆಯ್ಕೆಯಿದೆ. 3000 ಚಿತ್ರಗಳನ್ನು 600ರಂತೆ ಒಡೆದರೆ ಒಂದು ಸಲಕ್ಕೆ ಬೇಕಾಗುವ ರ‍್ಯಾಮ್ ಆ ತುಂಡಿಗೆ ತಕ್ಕಷ್ಟೇ. ತುಂಡುಗಳ ಅಂಚು ಒಂದರ ಮೇಲೊಂದು ಹಾಯುವಂತೆ ಸಾಕಷ್ಟು ಅಗಲ ಕೊಡಬೇಕು, ಮತ್ತು ಪ್ರತಿಯೊಂದು ತುಂಡಿನಲ್ಲಿಯೂ ನೆಲದ ನಿಯಂತ್ರಣ ಬಿಂದುಗಳು ಇರುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಗುಡ್ಡದ ಇಳಿಜಾರಿನಲ್ಲಿ ಎರಡು ತುಂಡುಗಳ ಎತ್ತರ ಹೊಂದದೆ ಗೆರೆಯೊಂದು ಕಾಣಿಸಿಕೊಳ್ಳುತ್ತದೆ. ತೋಡಿನ ನೀರು ಯಾವ ಕಡೆಗೆ ಹರಿಯುತ್ತದೆಂದು ಲೆಕ್ಕ ಹಾಕುವ ನಕ್ಷೆಯಲ್ಲಿ ಅಂತಹ ಗೆರೆ ಸುಳ್ಳು ಕಟ್ಟವೊಂದನ್ನು ಹಾಕಿದಂತಾಗುತ್ತದೆ. ಆದ್ದರಿಂದ ಇದು ಪರಿಹಾರವಾದರೂ ಎಚ್ಚರದಿಂದ ಬಳಸಬೇಕಾದ ಪರಿಹಾರ.

ಉತ್ತರ: ಹೊಸಂಗಡಿಯ ರಿಪೇರಿಯವ

ಇದುವರೆಗೆ ಯಾರೂ ಕರೆಂಟಿನ ಮಾತೆತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 9950ಎಕ್ಸ್‌ನ ನಮೂದಿತ ಶಕ್ತಿ 170 ವ್ಯಾಟ್, ಪೂರ್ಣ ಹೊರೆಯಲ್ಲಿ 230 ವ್ಯಾಟ್‌ವರೆಗೆ ಎಳೆಯುತ್ತದೆ. 7960ಎಕ್ಸ್‌ನದು 350 ವ್ಯಾಟ್. ಬಿಲ್ಲಿನಲ್ಲಿ ಇದು ದೊಡ್ಡ ವ್ಯತ್ಯಾಸವಲ್ಲ, ಹತ್ತು ಗಂಟೆಗೆ ಒಂದೆರಡು ಯೂನಿಟ್ ಅಷ್ಟೆ. ತೊಂದರೆ ಇರುವುದು ಯುಪಿಎಸ್‌ನಲ್ಲಿ. ಮಾರುಕಟ್ಟೆಯಲ್ಲಿನ ಅನೇಕ 1 ಕೆವಿಎ ಯುಪಿಎಸ್‌ಗಳು ಹೊರುವುದು 600 ವ್ಯಾಟ್ ಮಾತ್ರ. ಥ್ರೆಡ್‌ರಿಪ್ಪರ್ ಜೊತೆಗೆ 300 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡ್ ಸೇರಿದರೆ ಅದು ಮೊದಲ ಕ್ಷಣದಲ್ಲಿಯೇ ಕಟ್ ಆಗುತ್ತದೆ. 2 ಕೆವಿಎಯ ಆನ್‌ಲೈನ್ ಯುಪಿಎಸ್ ಮತ್ತು ಅದರ ಬ್ಯಾಟರಿಗಳ ಬೆಲೆಯನ್ನು ಕೊಟೇಶನ್‌ಗೆ ಸೇರಿಸಿಯೇ ಹೋಲಿಸಬೇಕು.

ನಮ್ಮ ಕಡೆ ಬೇಸಗೆಯ ಕೊನೆಗೂ ತುಲಾ ಮಾಸದ ಮಳೆಯಲ್ಲೂ ಬರುವ ಸಿಡಿಲು ನಿಮಗೆ ಗೊತ್ತೇ ಇದೆ. ಒಣಗಿದ ಮುರಕಲ್ಲಿನ ಗುಡ್ಡದ ಮೇಲಿನ ಕಟ್ಟಡವಾದರೆ ಅರ್ತಿಂಗ್ ದುರ್ಬಲವಾಗಿರುವುದೇ ಹೆಚ್ಚು. ಯಂತ್ರ ಬರುವ ಮೊದಲು ಎಲೆಕ್ಟ್ರಿಷಿಯನ್‌ನಿಂದ ಅರ್ತಿಂಗಿನ ಪ್ರತಿರೋಧವನ್ನು ಅಳೆಸಿ, ಮತ್ತು ಇಂಟರ್ನೆಟ್ ಕೇಬಲ್ ಮೂಲಕವೂ ಸಿಡಿಲಿನ ಹೊಡೆತ ಬರುತ್ತದೆಂಬುದನ್ನು ನೆನಪಿಡಿ. ಕರೆಂಟು ಹೋಗಿ ಗಣನೆ ನಿಂತರೂ ಓಪನ್‌ಡ್ರೋನ್‌ಮ್ಯಾಪ್‌ನಲ್ಲಿ ನಿಂತ ಹಂತದಿಂದಲೇ ಮತ್ತೆ ಆರಂಭಿಸಬಹುದು, ಮೊದಲಿನಿಂದ ಮಾಡಬೇಕಾಗಿಲ್ಲ. 9950ಎಕ್ಸ್ ಕೊಂಡರೆ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಪ್ರೊಸೆಸರ್ ಎಳೆಯುವ ಶಕ್ತಿಗೆ ಮಿತಿ ಹಾಕುವ ಇಕೋ ಮೋಡ್ ಹಾಕಿ ನೋಡಿ. ಸೆಕೆಯ ದಿನಗಳಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಸ್ವಲ್ಪ ವೇಗ ಬಿಟ್ಟುಕೊಟ್ಟು ಬಿಸಿಯನ್ನು ಬಹಳಷ್ಟು ತಗ್ಗಿಸಬಹುದು.

ಪ್ರಶ್ನೆ ಕೇಳಿದವರು: ತೋಟದ ನಕ್ಷೆ, ಬದಿಯಡ್ಕ

ನಾವಿಬ್ಬರೂ ಕುಳಿತು ಚರ್ಚಿಸಿ 9950ಎಕ್ಸ್ ಕೊಳ್ಳುವುದೆಂದು ನಿಶ್ಚಯಿಸಿದ್ದೇವೆ. ನಾಲ್ಕು ಸ್ಲಾಟ್ ತುಂಬುವ ಬದಲು 48 ಜಿಬಿಯ ಎರಡು ಇಸಿಸಿ ಸ್ಟಿಕ್‌ಗಳನ್ನು ಹಾಕಿ 96 ಜಿಬಿಗೆ ನಿಲ್ಲಿಸುತ್ತೇವೆ. ಅದಕ್ಕಿಂತ ದೊಡ್ಡ ಕೆಲಸ ಬಂದಾಗ ಪೆರಿಯದವರು ಹೇಳಿದಂತೆ ಒಡೆದು ಮಾಡುತ್ತೇವೆ. ಉಳಿಯುವ ಹಣದಲ್ಲಿ ಯುಪಿಎಸ್, ಅರ್ತಿಂಗ್ ಮತ್ತು ನೆಲದ ಬಿಂದುಗಳನ್ನು ಅಳೆಯುವ ಉಪಕರಣದ ಕಡೆಗೆ ಗಮನ ಕೊಡಬೇಕೆಂದಿದ್ದೇವೆ. ಮದರ್‌ಬೋರ್ಡ್ ಆರಿಸುವಾಗ ನೋಡಬೇಕಾದದ್ದೇನಾದರೂ ಇದ್ದರೆ ತಿಳಿಸಿ.

ಉತ್ತರ: ಕುಂಬಳೆ ಯಂತ್ರಶಾಲೆ

ಸರಿಯಾದ ನಿರ್ಧಾರ. 3000 ಚಿತ್ರಗಳ ಕೆಲಸ ತಿಂಗಳು ತಿಂಗಳೂ ಬರತೊಡಗಿ, ಒಡೆಯದೆ ಒಂದೇ ಸಲಕ್ಕೆ ಮಾಡಿಕೊಡಬೇಕೆಂಬ ಷರತ್ತು ಎದುರಾದರೆ ಆಗ ಥ್ರೆಡ್‌ರಿಪ್ಪರ್ ಅಥವಾ ಝಿಯಾನ್ ಡಬ್ಲ್ಯು ಕೊಳ್ಳುವುದಕ್ಕೆ ಅರ್ಥವಿದೆ, ಏಕೆಂದರೆ 256 ಜಿಬಿಯನ್ನು ಪೂರ್ಣ ವೇಗದಲ್ಲಿ ನಡೆಸಬಲ್ಲದ್ದು ಆ ವರ್ಗ ಮಾತ್ರ.

ಮದರ್‌ಬೋರ್ಡ್ ಬಗ್ಗೆ ಹೇಳುವುದಾದರೆ, ತಯಾರಕರ ಜಾಲತಾಣದಲ್ಲಿ ಆ ಮಾದರಿಯ ಕೈಪಿಡಿಯನ್ನು ತೆರೆದು ಇಸಿಸಿ ಬೆಂಬಲವಿದೆಯೆಂದು ಸ್ಪಷ್ಟವಾಗಿ ಬರೆದಿದೆಯೇ ನೋಡಿ, ಅಂಗಡಿಯವರ ಬಾಯಿಮಾತನ್ನು ನಂಬಬೇಡಿ. ರ‍್ಯಾಮ್ ಕೊಳ್ಳುವಾಗ ಅನ್‌ಬಫರ್ಡ್ (ಅಂದರೆ ರಿಜಿಸ್ಟರ್ಡ್ ಅಲ್ಲದ) ಇಸಿಸಿ ಎಂದೇ ಕೇಳಿ. ರಿಜಿಸ್ಟರ್ಡ್ ಇಸಿಸಿ ಕೊಟ್ಟರೆ ಈ ಬೋರ್ಡಿನಲ್ಲಿ ಅದು ಕೆಲಸ ಮಾಡುವುದಿಲ್ಲ. ಯಂತ್ರ ಬಂದ ಮೇಲೆ ಬಯಾಸ್‌ನಲ್ಲಿ ಇಸಿಸಿಯನ್ನು ಆನ್ ಮಾಡಿ, ಲಿನಕ್ಸ್ ಬೂಟ್ ಆದಾಗ ಬರುವ ದಾಖಲೆಯಲ್ಲಿ ಎಡಾಕ್ (EDAC, ರ‍್ಯಾಮಿನ ದೋಷಗಳನ್ನು ಗಮನಿಸುವ ಭಾಗ) ಎಂಬ ಹೆಸರಿನ ಸಾಲು ಕಾಣಿಸುತ್ತದೆಯೇ ಪರೀಕ್ಷಿಸಿ. ಹಳೆಯ ಯಂತ್ರದಲ್ಲಿ ಗಮನಿಸಿದ ಅದೇ ತೋಟದ ಚಿತ್ರಗಳನ್ನು ಹೊಸದರಲ್ಲಿಯೂ ಹಚ್ಚಿ, ಪ್ರತಿಯೊಂದು ಹಂತಕ್ಕೆ ತಗಲಿದ ಸಮಯವನ್ನು ಇಲ್ಲಿ ಬರೆದರೆ ಸೀತಾಂಗೋಳಿ, ಮುಳ್ಳೇರಿಯ ಕಡೆಗಳಲ್ಲಿ ಇದೇ ಕೆಲಸ ಮಾಡುತ್ತಿರುವವರಿಗೂ ಉಪಕಾರವಾಗುತ್ತದೆ.